ಮೊದಲ ಕೂಗಿಗೆ ಬಿಟ್ಟುಕೊಡದ ಧರ್ಮಣ್ಣ

ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗೊಂದರ ಎರಡನೇ ಮಾಳಿಗೆಯಲ್ಲಿ, ಒಂದು ಕೋಣೆ ಮತ್ತು ಒಂದು ಅಡುಗೆಮನೆಯ ಸಂಸ್ಥಾನವನ್ನು ಆಳುವ ಧರ್ಮಣ್ಣನ ಬಗ್ಗೆ ಹೇಳಬೇಕೆಂದರೆ ಮೊದಲು ಅವನ ಸಿಂಹಾಸನದ ಬಗ್ಗೆ ಹೇಳಬೇಕು. ಅದೊಂದು ಕ್ಷೌರದ ಕುರ್ಚಿ. ಕಬ್ಬಿಣದ ಪಾದ, ಕೆಂಪು ಚರ್ಮದ ಮೆತ್ತೆ, ತಲೆ ಆನಿಸಲು ಒಂದು ದಿಂಬು, ಪಕ್ಕದಲ್ಲೊಂದು ಹಿಡಿಕೆ. ಹಿಡಿಕೆ ಎಳೆದರೆ ಕೂತವರು ಆಕಾಶ ನೋಡುವಂತೆ ಹಿಂದಕ್ಕೆ ವಾಲುತ್ತಾರೆ. ಮನೆಗೆ ಬಂದ ಬೀಗರು, ನೆಂಟರು, ವಿಮೆಯ ಏಜೆಂಟರು ಎಲ್ಲರೂ ಅದರಲ್ಲೇ ಕೂಡಬೇಕು, ಯಾಕೆಂದರೆ ಬೇರೆ ಕುರ್ಚಿಗೆ ಅಲ್ಲಿ ಜಾಗವಿಲ್ಲ. ಚಹದ ಕಪ್ಪು ಕೈಯಲ್ಲಿ ಹಿಡಿದವರು ಅಪ್ಪಿತಪ್ಪಿ ಹಿಡಿಕೆ ಮುಟ್ಟಿ ಮೈಮೇಲೆ ಅಭಿಷೇಕ ಮಾಡಿಕೊಂಡ ಸಂದರ್ಭಗಳು ಉಂಟು.

ಜಾಗ ಯಾಕಿಲ್ಲವೆಂದರೆ, ಉಳಿದ ಮೂಲೆಗಳಲ್ಲಿ ಉಳಿದ ರಾಜಚಿಹ್ನೆಗಳಿವೆ. ಕಿಟಕಿಯ ಬಳಿ ಮನುಷ್ಯರ ತೂಕ ಹೇಳುವ ಆಳೆತ್ತರದ ಯಂತ್ರ. ಒಂದು ಕಾಲದಲ್ಲಿ ಯಾವುದೋ ಸ್ಟೇಶನ್ನಿನಲ್ಲಿ ಬಣ್ಣದ ದೀಪ ಮಿನುಗಿಸಿ, ತೂಕದ ಜೊತೆ ಭವಿಷ್ಯವನ್ನೂ ಚೀಟಿಯಲ್ಲಿ ಅಚ್ಚುಹಾಕಿ ಕೊಡುತ್ತಿದ್ದದ್ದು. ಅಟ್ಟದ ಮೇಲೆ, ಸಮುದ್ರದ ತಳಕ್ಕೆ ಇಳಿಯುವವರು ಹಾಕಿಕೊಳ್ಳುತ್ತಿದ್ದ ಹಿತ್ತಾಳೆಯ ಶಿರಸ್ತ್ರಾಣ. ಈಗ ಅದರಲ್ಲಿ ಉಳ್ಳಾಗಡ್ಡಿ ಇಡುತ್ತಾರೆ. ಗೋಡೆಯ ಮೇಲೆ ತನ್ನ ಮನಸ್ಸಿಗೆ ಬಂದಾಗ, ಬಂದಷ್ಟು ಸಲ ಬಾರಿಸುವ ಗಡಿಯಾರ. ಇವೆಲ್ಲ ಧರ್ಮಣ್ಣ ಹರಾಜೆಂಬ ರಣರಂಗದಿಂದ ಗೆದ್ದು ತಂದವು. ಗೆದ್ದನೆಂದರೆ, ಎದುರಾಳಿ ಯಾರೂ ಇರಲಿಲ್ಲ. ಅದೇ ಅವನ ಪರಾಕ್ರಮದ ವಿಶೇಷ.

ಇದಕ್ಕೆ ಕಾರಣ ಇಂಡಿ ತಾಲೂಕಿನ ಅವನ ಹುಟ್ಟೂರು. ಅಲ್ಲಿ ಹರಾಜಿಗೆ ಸವಾಲು ಎನ್ನುತ್ತಾರೆ. ಶ್ರಾವಣ ಮುಗಿಯುವ ದಿನ ಮಠದ ಕಟ್ಟೆಯ ಮೇಲೆ ದೇವರ ಟೆಂಗಿನಕಾಯಿ, ದೇವರಿಗೆ ಉಡಿಸಿದ ಸೀರೆ, ಒಂದು ಚೀಲ ಜೋಳ ಇಟ್ಟು ಸವಾಲು ಕೂಗುತ್ತಾರೆ. ಅಲ್ಲಿಯ ನಿಯಮವೇ ಬೇರೆ. ದೇವರ ವಸ್ತು ಮೊದಲ ಕೂಗಿಗೇ ಹೋಗಿಬಿಟ್ಟರೆ ಅದು ದೇವರಿಗೂ ಅವಮಾನ, ಊರಿಗೂ ಅವಮಾನ. ಆದ್ದರಿಂದ ಬೇಕಿದ್ದವನೂ ಕೂಗುತ್ತಾನೆ, ಬೇಡದವನೂ ಕೂಗುತ್ತಾನೆ. ಏರಿಸುವುದೇ ಪುಣ್ಯ. ಗೆದ್ದವನು ಹಣವನ್ನು ಮುಂದಿನ ಶ್ರಾವಣಕ್ಕೆ ಕೊಟ್ಟರೆ ಸಾಕು. ಧರ್ಮಣ್ಣ ಏಳು ವರ್ಷದ ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು, ಸವಾಲು ಒಂದು ಕ್ಷಣ ನಿಂತದ್ದನ್ನು ಸಹಿಸಲಾರದೆ "ಇನ್ನೊಂದು ರೂಪಾಯಿ!" ಎಂದು ಕಿರುಚಿದ್ದ. ಊರೆಲ್ಲ ಚಪ್ಪಾಳೆ ತಟ್ಟಿತು. ಸ್ವಾಮಿಗಳು ಕಲ್ಲುಸಕ್ಕರೆ ಕೊಟ್ಟರು. ಆ ಸಕ್ಕರೆಯ ರುಚಿ ಇನ್ನೂ ಅವನ ನಾಲಿಗೆಯಿಂದ ಇಳಿದಿಲ್ಲ.

ಮುಂಬಯಿಗೆ ಬಂದು ದಾದರಿನ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಆದ. ಬೆಳಗಿನಿಂದ ಸಂಜೆಯವರೆಗೆ ಅವನ ಕಿವಿಗೆ ಬೀಳುವುದು ಒಂದೇ ಮಾತು: "ಭಾವ್ ಕಮೀ ಕರಾ." ಬೆಲೆ ಇಳಿಸುವವರ ನಡುವೆ ವಾರವಿಡೀ ಉಸಿರುಕಟ್ಟಿದ ಮನುಷ್ಯ, ರಜೆಯ ದಿನ ಬೆಲೆ ಏರಿಸುವವರ ನಡುವೆ ಹೋಗಿ ಗಾಳಿ ಕುಡಿಯಬಾರದೆ? ಹಳೆಯ ಬಂಗಲೆಗಳ ಸಾಮಾನಿನ ಹರಾಜು, ಮುಚ್ಚಿದ ಸಲೂನಿನ ಹರಾಜು, ಗೋದಾಮಿನ ಹರಾಜು, ಒಂದನ್ನೂ ಬಿಡಲಿಲ್ಲ. ಮೊಬೈಲ್‌ನಲ್ಲಿ ಬೆರಳೊತ್ತುವ ಹರಾಜು ಮಾತ್ರ ಅವನಿಗೆ ಆಗದು. ಬಾಯಿ ತೆರೆಯದೆ ಸವಾಲು ಕೂಗುವುದು ಹೆಂಗಸರ ಜೊತೆ ಫೋನಿನಲ್ಲಿ ಕುಸ್ತಿ ಆಡಿದಂತೆ ಎಂಬುದು ಅವನ ಅಭಿಪ್ರಾಯ. ಅಭಿಪ್ರಾಯದ ಅರ್ಥ ಅವನಿಗೂ ಪೂರ್ತಿ ಗೊತ್ತಿಲ್ಲ.

ಮೊದಲನೆಯ ಹರಾಜಿನಲ್ಲೇ ಆ ಹಿತ್ತಾಳೆಯ ಶಿರಸ್ತ್ರಾಣ. ಹರಾಜುಗಾರ ಬೆಲೆ ಹೇಳಿದ. ಸಭೆ ಸುಮ್ಮನಿತ್ತು. ಎರಡು ಸಲ ಹೇಳಿದ. ಯಾರೂ ಕೆಮ್ಮಲೂ ಇಲ್ಲ. ಪಾಪ, ಸಮುದ್ರದ ತಳ ನೋಡಿ ಬಂದ ವಸ್ತು ಹೀಗೆ ನಾಲ್ಕು ಜನರ ಎದುರು ತಲೆತಗ್ಗಿಸಿ ನಿಂತಿದೆಯಲ್ಲ ಎಂದು ಧರ್ಮಣ್ಣ ಕೂತಲ್ಲೇ ಚಡಪಡಿಸಿದ. ತಾನೊಂದು ಮಾತು ಕೂಗಿದರೆ ಉಳಿದವರು ಎತ್ತಿಕೊಳ್ಳುತ್ತಾರೆ ಎಂದು ಕೂಗಿದ. ಉಳಿದವರು ಎತ್ತಿಕೊಳ್ಳಲಿಲ್ಲ. ಸುತ್ತಿಗೆ ಬಿತ್ತು. ಹಣ ಕೇಳಿದಾಗ "ಬರೂ ವರ್ಷ ಇದ ದಿವಸ ತಂದು ಮುಟ್ಟಸ್ತೀನ್ರಿ" ಎಂದು ಕೈಮುಗಿದ. ಅಲ್ಲಿಯ ಮುದುಕ ಪಾರ್ಸಿ ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ಬಹಳ ಹೊತ್ತು ನೋಡಿದನಂತೆ.

ಈ ಸಂಸ್ಥಾನದ ರಾಣಿ ನೀಲಾಬಾಯಿ. ರಾಜನಿಗೆ ಹೆಸರು, ರಾಣಿಗೆ ಕೆಲಸ. ಆಕೆ ಜೋಳದ ಕಟಕ ರೊಟ್ಟಿ ಬಡಿಯುತ್ತಾಳೆ. ಒಣಗಿಸಿ ಹಪ್ಪಳದಂತೆ ಮಾಡಿದ ಆ ರೊಟ್ಟಿಗೆ ದಾದರಿನಿಂದ ಪವಾಯಿಯವರೆಗೆ ಗಿರಾಕಿಗಳಿದ್ದಾರೆ. ತೊಂದರೆ ಒಂದೇ. ಕಟಕ ರೊಟ್ಟಿಯ ಶತ್ರು ಲೋಕಲ್ ಟ್ರೇನು. ಜಿಟಿಬಿ ನಗರದಲ್ಲಿ ರೊಟ್ಟಿಯ ಗಂಟು ಹೊತ್ತು ಹತ್ತಿದರೆ, ಕುರ್ಲಾದಲ್ಲಿ ಇಳಿದು ಇನ್ನೊಂದು ಗಾಡಿ ಹತ್ತುವಷ್ಟರಲ್ಲಿ ದುಂಡಗಿದ್ದದ್ದು ಅರ್ಧಚಂದ್ರ. ಕಾಂಜೂರ್ ಮಾರ್ಗದಲ್ಲಿ ಆಟೋ ಹಿಡಿಯುವಾಗ ನಕ್ಷತ್ರ. ಪವಾಯಿ ಮುಟ್ಟಿದಾಗ ಭಸ್ಮ. ಹೀಗಿರುವಾಗ ಪವಾಯಿಯ ಒಂದು ಮೆಸ್ಸಿನವರು, ಗಣಪತಿ ಕಳೆದ ಮೇಲಿನ ಸೋಮವಾರದಿಂದ ದಿನಾ ಮುನ್ನೂರು ರೊಟ್ಟಿ ಬೇಕು, ಆದರೆ ಇಡೀ ರೊಟ್ಟಿಯೇ ಬೇಕು, ಮುರುಕು ಬೇಡ ಎಂದರು. ಇಂಥ ಆರ್ಡರು ಆಕೆಯ ಜೀವಮಾನದಲ್ಲಿ ಬಂದಿರಲಿಲ್ಲ. ಒಂದು ಹಳೆಯ ವ್ಯಾನ್ ಇದ್ದರೆ ಆಯಿತು. ಗಾಡಿ ಓಡಿಸಲು ಆಕೆ ಮೊದಲೇ ಕಲಿತಿದ್ದಳು. ಕಲಿಸಿದವನು ಆಕೆಯ ತಮ್ಮ, ಟ್ಯಾಕ್ಸಿ ಓಡಿಸುವ ಶೆಟ್ಟೆಪ್ಪ. ಭಿಶಿ ಎಂಬ ಚೀಟಿಯಲ್ಲಿ ಎತ್ತಿದ ಒಂದೂವರೆ ಲಕ್ಷ ಕೈಯಲ್ಲಿತ್ತು. ಮಾನಖುರ್ದದ ಯಾರ್ಡೊಂದರಲ್ಲಿ ಬ್ಯಾಂಕಿನವರು ಜಪ್ತಿ ಮಾಡಿದ ಗಾಡಿಗಳನ್ನು ಪ್ರತಿ ರವಿವಾರ ಹರಾಜು ಹಾಕುತ್ತಿದ್ದರು.

ಆ ರವಿವಾರ ಮನೆಯಲ್ಲಿ ಮೂರು ಹೆರಿಗೆಯಷ್ಟು ಕೆಲಸ. ಗಣಪತಿಯ ಹಬ್ಬ, ಆರ್ಡರಿನ ಹಿಟ್ಟು. ಆಕೆ ಬಿಡಿಸಿಕೊಂಡು ಹೋಗುವಂತಿರಲಿಲ್ಲ. ಹಾಗಾಗಿ ಅನಿವಾರ್ಯವಾಗಿ ಗಂಡನನ್ನು ಕ್ಷೌರದ ಕುರ್ಚಿಯ ಮೇಲೆ ಕೂಡಿಸಿ, ಎದುರಿಗೆ ನಿಂತು, ಹಿಟ್ಟಿನ ಕೈ ಎತ್ತಿ ಉಪದೇಶ ಮಾಡಿದಳು.

"ನೋಡ್ರಿ. ಬಿಳೀ ವ್ಯಾನ್ ಒಂದ ಐತಿ. ಅದಕ್ಕಷ್ಟ ಬಾಯಿ ತಗೀಬೇಕು. ಬ್ಯಾರೇದು ಏನರ ಬರ್ಲಿ, ಬಂಗಾರದ ತೇರ ಬರ್ಲಿ, ತುಟಿ ಹೊಲದ್ಹಂಗ ಕುಂದರಬೇಕು."

"ನೀಲಾ, ನಾ ಏನ್ ಸಣ್ಣ ಹುಡುಗ ಏನ?"

"ಸಣ್ಣ ಹುಡುಗಗ ಇಷ್ಟ ಹೇಳಾಕ ಹತ್ತಿರಲಿಲ್ಲ ನಾ. ಶೆಟ್ಟೆಪ್ಪಾ, ನೀ ಬಾಜೂಕ ಕುಂದರು. ಮಾಮಾನ ಬಾಯಿ ತೆರದ್ರ ಕೈ ಅಡ್ಡ ಇಡು."

"ಯಕ್ಕಾ, ನಾ ಎಂಜಿನ್ ನೋಡ್ಲೋ, ಮಾಮಾನ ಬಾಯಿ ನೋಡ್ಲೋ?"

"ಎಂಜಿನ್ ಕೆಟ್ರ ರಿಪೇರಿ ಆಗ್ತದ" ಎಂದಳು ನೀಲಾಬಾಯಿ.

ಯಾರ್ಡಿನಲ್ಲಿ ಸೂರ್ಯ, ಧೂಳು, ಸಾಲಾಗಿ ನಿಂತ ಅನಾಥ ಗಾಡಿಗಳು. ತಗಡಿನ ಚಪ್ಪರದ ಕೆಳಗೆ ಮೈಕ್ ಹಿಡಿದು ನಿಂತವನು ಮನೀಶ್ ಎಂಬ ಹರಾಜುಗಾರ. ಬಾಯಲ್ಲಿ ಪಾನ್ ಮಸಾಲೆ, ಕೈಯಲ್ಲಿ ಮರದ ಸುತ್ತಿಗೆ. ಶೆಟ್ಟೆಪ್ಪ ಬಿಳಿ ವ್ಯಾನಿನ ಬಾನೆಟ್ ಎತ್ತಿ, ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು ಬಂದು "ಮಾಮಾ, ಮಾಲ್ ಚಲೋ ಐತಿ. ಒಂದ ಲಕ್ಷ ಇಪ್ಪತ್ತರ ಮ್ಯಾಲ ಹೋಗಂಗಿಲ್ಲ" ಎಂದ. ಧರ್ಮಣ್ಣ ತಲೆಯಾಡಿಸಿದ. ಬಾಯಿ ತೆರೆಯಲಿಲ್ಲ. ಟ್ಯಾಕ್ಸಿ ಸರದಿ, ಟೆಂಪೋ ಸರದಿ, ಎರಡು ಕಾರುಗಳ ಸರದಿ ಮುಗಿಯಿತು. ಜನ ಕೂಗಿದರು, ಏರಿಸಿದರು, ಬೈದುಕೊಂಡರು. ಧರ್ಮಣ್ಣ ಋಷಿಯಂತೆ ಕುಳಿತಿದ್ದ. ಶೆಟ್ಟೆಪ್ಪನಿಗೆ ಧೈರ್ಯ ಬಂದು, ಒಂದು ಚಹ ತರಲು ಎದ್ದು ಹೋದ. ಜಗತ್ತಿನ ದೊಡ್ಡ ದೊಡ್ಡ ಕೋಟೆಗಳೆಲ್ಲ ಬಿದ್ದದ್ದು ಕಾವಲುಗಾರ ಚಹಕ್ಕೆ ಎದ್ದಾಗಲೇ.

ವ್ಯಾನಿಗಿಂತ ಒಂದು ಸರದಿ ಮುಂಚೆ ಬಂದದ್ದು ಶವವಾಹನ.

ಮುಚ್ಚಿಹೋದ ಯಾವುದೋ ಟ್ರಸ್ಟಿನದು. ಉದ್ದನೆಯ ಬಿಳಿಯ ಗಾಡಿ, ಎರಡೂ ಕಡೆ ಗಾಜು, ಹಣೆಯ ಮೇಲೆ ನಾಗರಿಯಲ್ಲಿ 'ಸ್ವರ್ಗರಥ' ಎಂಬ ಬಿರುದು. ಮನೀಶ್ ಎಪ್ಪತ್ತೈದು ಸಾವಿರದ ಬೆಲೆ ಹೇಳಿದ: "ಪಚಹತ್ತರ್ ಹಜಾರ್." ಚಪ್ಪರದ ಕೆಳಗೆ ಗಾಳಿ ನಿಂತಿತು. ಕೂತವರು ಒಬ್ಬರ ಮುಖ ಒಬ್ಬರು ನೋಡದೆ, ಬೂಟಿನ ಲಾಡಿ ನೋಡಿಕೊಂಡರು. "ಬೋಲೋ ಭಾಯ್, ಪಚಹತ್ತರ್." ಒಬ್ಬ ಎದ್ದು ಆಚೆ ಹೋಗಿ ಉಗುಳಿ ಬಂದ. ಇನ್ನೊಬ್ಬ ತಾಯಿತ ಮುಟ್ಟಿಕೊಂಡ.

ಧರ್ಮಣ್ಣ ಗಾಡಿಯ ಕಡೆ ನೋಡಿದ. ಗಾಡಿ ಅವನ ಕಡೆ ನೋಡಿದಂತೆ ಅನಿಸಿತು. ಎಷ್ಟು ಜನ ದೊಡ್ಡವರನ್ನು, ಎಷ್ಟು ಜನ ಬಡವರನ್ನು ಕೊನೆಯ ಸಲ ಹೊತ್ತು ತಿರುಗಿದ ಜೀವ! ಅದು ಹೊತ್ತಾಗ ಎಲ್ಲರೂ ಟೋಪಿ ತೆಗೆದು ದಾರಿ ಬಿಟ್ಟಿರಬೇಕು. ಇವತ್ತು ಅದಕ್ಕಾಗಿ ಒಬ್ಬನೂ ನಾಲಿಗೆ ಎತ್ತುತ್ತಿಲ್ಲ. ಇದು ಅವಮಾನವಲ್ಲದೆ ಇನ್ನೇನು? ಅವನ ಗಂಟಲಿನಲ್ಲಿ ಏಳು ವರ್ಷದ ಹುಡುಗನೊಬ್ಬ ಅಪ್ಪನ ಹೆಗಲೇರಿದ. ಧರ್ಮಣ್ಣ ತುಟಿ ಕಚ್ಚಿದ, ತೊಡೆ ಚಿವುಟಿಕೊಂಡ, ನೀಲಾಬಾಯಿಯ ಹಿಟ್ಟಿನ ಕೈ ನೆನೆದ. ಮನೀಶ್ ಸುತ್ತಿಗೆ ಕೆಳಗಿಡಲು ಹೋದ.

"ಎಂಬತ್ತು!" ಎಂಬ ಸಿಂಹನಾದ ಚಪ್ಪರವನ್ನು ನಡುಗಿಸಿತು.

ಮನೀಶನಿಗೆ ಕನ್ನಡ ಬಾರದು, ಆದರೆ ಹಣ ಯಾವ ಭಾಷೆಯಲ್ಲಿ ಬಂದರೂ ಅರ್ಥವಾಗುತ್ತದೆ. ಆದರೂ ಖಾತ್ರಿಗೆ ಕೇಳಿದ, "ಕಿತನಾ?" ಧರ್ಮಣ್ಣ ಧೀರೋದಾತ್ತನಾಗಿ "ಅಸ್ಸಿ" ಎಂದ. ಮುಂದಿನವರು ಎತ್ತಿಕೊಳ್ಳಲಿ ಎಂದು ಸುತ್ತ ನೋಡಿದ. ಸಭೆಯಲ್ಲಿದ್ದವರೆಲ್ಲ ಅವನಿಗೆ ಮನೆಯಲ್ಲಿ ಏನಾಗಿದೆಯೋ ಎಂಬ ಕನಿಕರದಿಂದ ತಲೆತಗ್ಗಿಸಿದ್ದರು. ಸುತ್ತಿಗೆ ಬಿತ್ತು. ಎರಡು ಗ್ಲಾಸು ಚಹ ಹಿಡಿದು ಬಂದ ಶೆಟ್ಟೆಪ್ಪ ಅಲ್ಲೇ ನಿಂತ.

"ಮಾಮಾ. ಏನ್ ಮಾಡಿದ್ರಿ?"

"ಒಂದ ಮಾತ ಏರಿಸಿದ್ನೋ. ಅದರ ಮರ್ಯಾದಿ ಉಳೀಲಿ ಅಂತ."

"ಅದರದು ಉಳೀತು. ನಿಮ್ಮದು?"

ಆಮೇಲೆ ಬಿಳಿ ವ್ಯಾನ್ ಬಂತು. ಯಾರೋ ಒಬ್ಬ ಲಕ್ಷದ ಇಪ್ಪತ್ತಕ್ಕೆ ಕೊಂಡು, ಹಾರ್ನ್ ಬಾರಿಸುತ್ತ ಅವರ ಎದುರಿನಿಂದಲೇ ಹೋದ. ಧರ್ಮಣ್ಣನ ಕಿಸೆಯಲ್ಲಿ ಎಪ್ಪತ್ತು ಸಾವಿರ ಉಳಿದಿತ್ತು. ಅವನು ಚಹ ಕುಡಿದ. ಬೇರೇನು ಮಾಡಬೇಕು ಎಂಬುದು ಹೊಳೆಯಲಿಲ್ಲ.

ಸಂಜೆ ಸ್ವರ್ಗರಥ ಆಂಟಾಪ್ ಹಿಲ್ ಪ್ರವೇಶ ಮಾಡಿತು. ಶೆಟ್ಟೆಪ್ಪ ನಡೆಸುತ್ತಿದ್ದ, ಪಕ್ಕದಲ್ಲಿ ಧರ್ಮಣ್ಣ ಸೋತ ಸೇನಾಪತಿಯಂತೆ. ಒಂದು ಮಾತು ಒಪ್ಪಲೇಬೇಕು, ಸಯಾನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಆ ದಿನ ಅವರಿಗೆ ಸಿಕ್ಕ ದಾರಿ ಯಾವ ಮಂತ್ರಿಗೂ ಸಿಕ್ಕಿರಲಾರದು. ಬಿಲ್ಡಿಂಗಿನ ಅಂಗಳದಲ್ಲಿ ಗಾಡಿ ನಿಂತದ್ದೇ ತಡ, ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. "ಯಾರು ಹೋದ್ರು?" ಎಂದು ಮೂರನೇ ಮಾಳಿಗೆ ಕೇಳಿತು. "ಕೋಣ್ ಗೇಲಾ?" ಎಂದು ಎದುರು ಬಿಲ್ಡಿಂಗು ಮರಾಠಿಯಲ್ಲಿ ಕೇಳಿತು. ಹೂವಿನವನು ಕೇಳದೆಯೇ ನಾಲ್ಕು ಹಾರ ತಂದು ನಿಂತ. ಗಂಡಸರು ಬಿಳಿ ಅಂಗಿ ಹುಡುಕಿ ಹಾಕಿಕೊಂಡು ಕೆಳಗಿಳಿದರು. ಕೊನೆಗೆ ಎಲ್ಲರ ಕಣ್ಣೂ ತಳಮಾಳಿಗೆಯ ಒಂದು ಬಾಗಿಲ ಕಡೆ ಹೊರಳಿತು. ಯಾಕೆಂದರೆ ಆ ಬಿಲ್ಡಿಂಗಿನಲ್ಲಿ ಹೋಗುವ ಸರದಿಯಲ್ಲಿ ಮೊದಲಿದ್ದವನು, ತಿಂಗಳಿನಿಂದ ಹಾಸಿಗೆ ಹಿಡಿದಿದ್ದ ಕಾಶಪ್ಪಜ್ಜ.

ಬಾಗಿಲು ತೆರೆಯಿತು. ಕಾಶಪ್ಪಜ್ಜ ಕೋಲೂರಿಕೊಂಡು ತಾನೇ ನಡೆದು ಬಂದ. ಧೋತರ ಕಟ್ಟಿಕೊಂಡು, ರುಮಾಲು ಸುತ್ತಿಕೊಂಡು, ಕೋಪದಲ್ಲಿ ಇಪ್ಪತ್ತು ವರ್ಷ ಚಿಕ್ಕವನಾಗಿದ್ದ.

"ಯಾಂವ ತರಿಸ್ಯಾನ ಇದನ್ನ? ನಾ ಇನ್ನಾ ಗಂಜಿ ಕುಡದಿಲ್ಲ, ಇವರು ಗಾಡಿ ತಂದ ನಿಲ್ಲಿಸ್ಯಾರ!"

"ಅಜ್ಜಾರ, ನಿಮಗಲ್ರಿ, ಇದು ಸವಾಲಿನ್ಯಾಗ..." ಎಂದು ಧರ್ಮಣ್ಣ ತೊದಲಿದ.

ಅಜ್ಜ ಕೇಳಿಸಿಕೊಳ್ಳಲಿಲ್ಲ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಿಂದಿನ ಬಾಗಿಲು ತೆಗೆಸಿ ಒಳಗಿನ ಉದ್ದನೆಯ ಉಕ್ಕಿನ ತಟ್ಟೆಯನ್ನು ಕೋಲಿನಿಂದ ಬಡಿದ. ಟಣ್ ಎಂದಿತು.

"ಇದರಾಗ ಮಲಗಿಸಿ ಒಯ್ಯಾವ್ರು ಏನು? ನಮ್ಮ ಮನ್ಯಾಗ ಎಲ್ಲಾರೂ ಕುಂತಽ ಹೋಗ್ಯಾರ. ನಮ್ಮಪ್ಪ ಕುಂತಽ ಹೋದ, ನಮ್ಮವ್ವ ಕುಂತಽ ಹೋದ್ಳು. ನಾನೂ ಕುಂತಽ ಹೋಗಾಂವ. ತಗದ ಒಗೀರಿ ಇದನ್ನ!"

ಅಜ್ಜನ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿ ಇಲ್ಲ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಬಿದಿರಿನ ಮಂಟಪದಂಥ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿಕೊಂಡು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಊರಿನಲ್ಲಿ ಅದು ಸಲೀಸು. ಮುಂಬಯಿಯಲ್ಲಿ ಬಿದಿರು ಯಾರು ತರಬೇಕು, ವಿಮಾನ ಯಾರು ಕಟ್ಟಬೇಕು? ಹಿಂದಿನ ಮಳೆಗಾಲದಲ್ಲಿ ಅವರ ಮಂದಿಯ ಸಂಘದ ಹಿರಿಯರೊಬ್ಬರು ಹೋದಾಗ ಅವರನ್ನು ಟೆಂಪೋದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿ, ನಾಲ್ಕು ಜನ ಹಿಡಿದುಕೊಂಡು ಹೋಗಿದ್ದರು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಹಿರಿಯರು ಹಿಡಿದವರಿಗೆ ಒಬ್ಬೊಬ್ಬರಿಗೂ ತಲೆಬಾಗಿ ನಮಸ್ಕಾರ ಮಾಡುತ್ತಿದ್ದರು.

ಈ ಹೊತ್ತಿಗೆ ನೀಲಾಬಾಯಿ ಕೆಳಗೆ ಬಂದು ನಿಂತಿದ್ದಳು. ಗಂಡನ ಕಡೆ ನೋಡಲಿಲ್ಲ. ಬೈಯಲಿಲ್ಲ. ಇದರಿಂದ ಧರ್ಮಣ್ಣನಿಗೆ ನಿಜವಾದ ಹೆದರಿಕೆ ಹುಟ್ಟಿತು. ಆಕೆ ಶವವಾಹನ ನೋಡಿದಳು, ಕಾಶಪ್ಪಜ್ಜನನ್ನು ನೋಡಿದಳು, ಆಮೇಲೆ ತಲೆ ಎತ್ತಿ ತನ್ನ ಎರಡನೇ ಮಾಳಿಗೆಯ ಕಿಟಕಿ ನೋಡಿದಳು. ಕಿಟಕಿಯಲ್ಲಿ ಕ್ಷೌರದ ಕುರ್ಚಿಯ ಕೆಂಪು ದಿಂಬು ಕಾಣುತ್ತಿತ್ತು.

ಮನೆಯೊಳಗೆ ಹೋದ ಮೇಲೆ ಧರ್ಮಣ್ಣ ತಾನೇ ಬಾಯಿಬಿಟ್ಟ. "ನೀಲಾ, ಒಂದ ನಾಕ ಮಾತ ಅಂದ ಬಿಡು. ಹಿಂಗ ಸುಮ್ಮ ಇರಬ್ಯಾಡ."

"ನಾ ಏನ್ ಅನ್ಲಿ? ಮುಂದಿನ ಸೋಮವಾರ ಮುನ್ನೂರ ರೊಟ್ಟಿ ಆ ಗಾಡ್ಯಾಗ ಒಯ್ದ್ರ, ಮೆಸ್ಸಿನವರು ಪ್ಲೇಟ ತರ್ತಾರೋ, ಹಾರ ತರ್ತಾರೋ?"

"ತೊಳದ್ರ..."

"ರೀ!"

ನೀಲಾಬಾಯಿ ತಮ್ಮನ ಕಡೆ ತಿರುಗಿದಳು. "ಶೆಟ್ಟೆಪ್ಪಾ, ಆ ಸ್ಟೀಲ ತಟ್ಟಿ ಬಿಚ್ಚಾಕ ಬರ್ತದೇನು?"

"ಬರ್ತದಕ್ಕಾ. ನಾಕ ಬೋಲ್ಟು."

"ಆ ಜಾಗಾದಾಗ ಈ ಕುರ್ಚಿ ಕುಂದರ್ತದೇನು?"

ಶೆಟ್ಟೆಪ್ಪ ಕುರ್ಚಿ ನೋಡಿದ. ಅಕ್ಕನನ್ನು ನೋಡಿದ. ಅವನ ಮುಖದ ಮೇಲೆ ನಿಧಾನಕ್ಕೆ ಬೆಳಗಾಯಿತು. ಧರ್ಮಣ್ಣ ತನ್ನ ಸಿಂಹಾಸನದ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಸೋತ ರಾಜನ ಸಿಂಹಾಸನ ಯಾವತ್ತಾದರೂ ಉಳಿದದ್ದುಂಟೆ?

ಬಿಲ್ಡಿಂಗಿನ ಹಿಂದಿನ ಪಟಾಂಗಣದಲ್ಲಿ ಅವರ ಮಂದಿಯ ಸಂಘ ಗಣಪತಿ ಕೂಡಿಸುತ್ತದೆ. ಕಳಿಸುವ ದಿನ ಸಂಜೆ, ಊರಿನ ಪದ್ಧತಿಯಂತೆಯೇ, ಗಣಪತಿಯ ಕೈಯ ಲಾಡು, ಟೆಂಗಿನಕಾಯಿ, ಶಾಲು ಇವುಗಳ ಸವಾಲು. ಸಂಘದಲ್ಲಿ ಇಬ್ಬರು ದೊಡ್ಡ ಕುಳಗಳು. ಒಬ್ಬ ಪರಪ್ಪ, ಕಟ್ಟಡದ ಕಂತ್ರಾಟುದಾರ, ಈಗಿನ ಅಧ್ಯಕ್ಷ. ಇನ್ನೊಬ್ಬ ಯಲ್ಲಾಲಿಂಗ, ಬೇಳೆಕಾಳಿನ ವ್ಯಾಪಾರಿ, ಹಿಂದಿನ ಅಧ್ಯಕ್ಷ, ಅವನ ಲೆಕ್ಕದಲ್ಲಿ ಮುಂದಿನ ಅಧ್ಯಕ್ಷ. ಸಂಘದ ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಯಲ್ಲಾಲಿಂಗನ ಹೆಸರಿದೆ. ಫ್ಯಾನು ತಿರುಗಿದರೆ ಓದಲಾಗದೆಂದು ಅವನು ಬಂದಾಗ ಯಾರಾದರೂ ಸ್ವಿಚ್ ಆರಿಸಬೇಕು. ಕುರ್ಚಿಗಳ ಬೆನ್ನಿಗೆಲ್ಲ ಪರಪ್ಪನ ಹೆಸರು. ನೀರಿನ ಡ್ರಮ್ಮಿನ ಮೇಲೆ ಇಬ್ಬರ ಹೆಸರೂ ಇದೆ, ಎದುರುಬದುರು ಕಡೆ.

ನೀಲಾಬಾಯಿ ಪರಪ್ಪನ ಬಳಿ ಹೋಗಿ ಸವಾಲಿಗೆ ಒಂದು ವಸ್ತು ಸೇರಿಸಬೇಕೆಂದು ಕೇಳಿದಳು. ಬಂದ ಹಣದಲ್ಲಿ ಹತ್ತರಲ್ಲೊಂದು ಪಾಲು ಗಣಪತಿಗೆ.

"ಗಣಪತಿ ಮುಂದ ಹೆಣದ ಗಾಡಿ ಏನವಾ?" ಎಂದ ಪರಪ್ಪ.

"ಅಂವನೂ ಅವತ್ತ ಸಂಜಿಗೆ ಹೋಗಾಂವನ ಅದಾನಲ್ರಿ ಯಣ್ಣಾ. ಬ್ಯಾಸರ ಮಾಡ್ಕೊಳ್ಳಾಂಗಿಲ್ಲ."

ಪರಪ್ಪ ಸವಾಲಿನ ಪಟ್ಟಿಯಲ್ಲಿ ಗಾಡಿಯನ್ನೂ ಬರೆದುಕೊಂಡ. "ಮತ್ತ ಇನ್ನೊಂದ ಮಾತು" ಎಂದಳು ಆಕೆ. "ಉಳದದ್ದು ಪದ್ಧತಿಗತೆ ಬರೂ ವರ್ಷಕ್ಕ ಕೊಡ್ರಿ. ಗಾಡಿದ್ದು ಮಾತ್ರ ಅವತ್ತ ರೋಕ. ಹೋಗಾವ್ರು ಬರೂ ವರ್ಷದತನಾ ಕಾಯಾಂಗಿಲ್ಲಲ್ರಿ."

ಸವಾಲಿನ ಸಂಜೆ ಧರ್ಮಣ್ಣನನ್ನು ಮೊದಲ ಸಾಲಿನಲ್ಲಿ, ನೀಲಾಬಾಯಿಯ ಕೈಗೆ ಎಟುಕುವ ದೂರದಲ್ಲಿ ಕೂಡಿಸಲಾಯಿತು. ಆಕೆಯ ಉಡಿಯಲ್ಲಿ ಬೇಸನ್ ಲಾಡುಗಳಿದ್ದವು, ಒಂದೊಂದೂ ನಿಂಬೆಹಣ್ಣಿನ ಅಪ್ಪನಂಥವು. ಗಾಡಿಯ ಸರದಿ ಬರುತ್ತಲೇ ಒಂದನ್ನು ಇಡಿಯಾಗಿ ಗಂಡನ ಬಾಯಿಗಿಟ್ಟಳು. "ಪ್ರಸಾದ. ಸಾವಕಾಶ ತಿನ್ರಿ."

ಗಾಡಿ ತೊಳೆದು ಚೆಂಡುಹೂವು ಕಟ್ಟಿ ನಿಲ್ಲಿಸಿದ್ದರು. ಗಾಜಿನೊಳಗೆ ಕ್ಷೌರದ ಕುರ್ಚಿ ಬೋಲ್ಟು ಹಾಕಿಸಿಕೊಂಡು ವಿರಾಜಮಾನವಾಗಿತ್ತು. ಕುರ್ಚಿಯ ಮೇಲೆ, ಯಾರೂ ಕರೆಯದಿದ್ದರೂ, ಕಾಶಪ್ಪಜ್ಜ ಹತ್ತಿ ಕೂತಿದ್ದ. ಮೂರು ದಿನದಿಂದ ಅವನ ಜ್ವರ ಎಲ್ಲಿ ಹೋಗಿತ್ತೋ. "ಇನ್ನೊಂದ ಚೂರ ಹಿಂದ ವಾಲಸೋ ಶೆಟ್ಟೆಪ್ಪಾ. ಹಾಂ, ಸಾಕು. ಕುತಗೀಗೆ ಮೆತ್ತಗ ಐತಿ. ಇದರಾಗಾದ್ರ ಹೋಗಬಹುದಪಾ. ಈಗಲ್ಲ!" ಎಂದು ಗಾಜಿನಾಚೆಯಿಂದ ಘೋಷಿಸಿದ. ಸಂಘವೆಲ್ಲ ಸುತ್ತ ನೆರೆದು ನೋಡಿತು. ಬೇಕಾದದ್ದೇ ಹೌದು ಎಂದು ಎಲ್ಲರಿಗೂ ಅನಿಸಿತು.

ಗಾಡಿಯ ಸವಾಲು ನಡೆಸಲು ಜಾಗಟೆ ಹಿಡಿದು ನಿಂತ ಶೆಟ್ಟೆಪ್ಪ ಕೂಗಿದ: "ಸವಾಲು ಎಪ್ಪತ್ತೈದರಿಂದ ಚಾಲೂ. ಯಾರ್ ಅಂತೀರಿ?"

ಯಾರೂ ಅನ್ನಲಿಲ್ಲ.

ಬೇಕು ಎಲ್ಲರಿಗೂ. ಆದರೆ ಶವವಾಹನಕ್ಕೆ ಮೊದಲ ಕೂಗು ಕೂಗುವವನು ಯಾರು? ಕೂಗಿದವನ ದನಿಯನ್ನು ಯಮ ಗುರುತಿಟ್ಟುಕೊಂಡರೆ? ಪರಪ್ಪ ಮೀಸೆ ಸವರಿದ. ಯಲ್ಲಾಲಿಂಗ ಮೊಬೈಲ್ ತೆಗೆದು, ಬಾರದ ಫೋನ್ ಕಿವಿಗೆ ಹಿಡಿದ. "ಎಪ್ಪತ್ತೈದು, ಒಂದನೇ ಸಲ ಕೇಳಾಕ ಹತ್ತೇನಿ." ಪಟಾಂಗಣದಲ್ಲಿ ಅಗರಬತ್ತಿಯ ಹೊಗೆ ಮಾತ್ರ ಅಲುಗಾಡುತ್ತಿತ್ತು. ನೀಲಾಬಾಯಿಯ ಮುಖ ನಿಧಾನಕ್ಕೆ ಬಿಳಿಚಿತು. ಹಿಟ್ಟು, ಹಂಚು, ಮುನ್ನೂರು ಇಡೀ ರೊಟ್ಟಿ, ಪವಾಯಿಯ ಸೋಮವಾರ ಎಲ್ಲ ಆ ಮೌನದಲ್ಲಿ ಚೂರು ಚೂರಾಗಿ ಮುರಿಯುವುದು ಆಕೆಗೆ ಕೇಳಿಸುತ್ತಿತ್ತು. "ಎರಡನೇ ಸಲ..." ಎಂದ ಶೆಟ್ಟೆಪ್ಪನ ದನಿಯೂ ಇಳಿಯಿತು.

ಧರ್ಮಣ್ಣ ಹೆಂಡತಿಯ ಮುಖ ನೋಡಿದ. ಗಾಡಿಯನ್ನು ನೋಡಿದ. ತನ್ನ ಕುರ್ಚಿಯನ್ನು ನೋಡಿದ. ಒಂದೇ ವಾರದಲ್ಲಿ ಎರಡನೇ ಸಲ ಅದೇ ಗಾಡಿಗೆ ಅದೇ ಅವಮಾನ, ಅದೂ ತಮ್ಮ ಮಂದಿಯ ನಡುವೆ, ಗಣಪತಿಯ ಎದುರು! ಲಾಡು ಗಂಟಲಿಗಿಳಿಯಲಿಲ್ಲ. ಇಳಿಯುವ ತನಕ ತಡೆದುಕೊಳ್ಳಲೂ ಆಗಲಿಲ್ಲ.

"ಎಂಬ್ಬತ್ತು!" ಎನ್ನುತ್ತಲೇ ಬೇಸನ್ ಪುಡಿ ಗಣಪತಿಯ ಮಂಟಪದವರೆಗೆ ಹಾರಿತು.

ನೀಲಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು, ನಗು ಬೆಂಕಿಯಂತೆ ಹರಡಿತು. ನಗದವನು ಪರಪ್ಪ ಒಬ್ಬನೇ. ಎದ್ದು ನಿಂತ.

"ಏ ಧರ್ಮಣ್ಣಾ! ನಿನ್ನ ಗಾಡಿ ನೀನಽ ಕೊಳ್ತಿ ಏನು? ಸಂಘದಾಗ ಗಂಡಸರು ಇಲ್ಲಂತ ತಿಳದಿ? ನಾಳೆ ವಡಾಳಾ ಸಂಘದವರು ಏನಂದಾರು? ಎಂಬತ್ತೈದು!"

"ತೊಂಬತ್ತು!" ಯಲ್ಲಾಲಿಂಗನ ಫೋನ್ ಕಿವಿಯಿಂದ ಇಳಿದಿತ್ತು. "ಅಧ್ಯಕ್ಷರು ಎಂಬತ್ತೈದು ಅಂತಾರೇನು? ಉಳ್ಳಾಗಡ್ಡಿ ಕೊಳ್ಳಾಕ ಬಂದಾರೇನು?"

"ತೊಂಬತ್ತೈದು! ಗಾಡಿ ಮ್ಯಾಲ ನಮ್ಮಪ್ಪನ ಹೆಸರು ಬರೀಬೇಕು!"

"ಲಕ್ಷ! ಎರಡೂ ಬಾಜೂಕ ನಮ್ಮಜ್ಜನ ಹೆಸರು!"

ಯಮ ಗುರುತಿಟ್ಟುಕೊಳ್ಳುವುದಾದರೆ ಮೊದಲ ಕೂಗಿನವನನ್ನು ತಾನೆ? ಆ ಅಪಾಯವನ್ನು ಧರ್ಮಣ್ಣ ಆಗಲೇ ತಲೆಯ ಮೇಲೆ ಹೊತ್ತಾಗಿತ್ತು. ಉಳಿದವರಿಗೆ ಇನ್ನೇನು ಅಂಜಿಕೆ? ಸವಾಲು ಏರಿತು, ಏರುತ್ತ ಹೋಯಿತು. ಗಾಜಿನೊಳಗಿಂದ ಕಾಶಪ್ಪಜ್ಜ ಇಬ್ಬರಿಗೂ ಹುರುಪು ಕೊಡುತ್ತಿದ್ದ. ಕೊನೆಗೆ ಪರಪ್ಪ "ಒಂದ ಲಕ್ಷ ಇಪ್ಪತ್ತು!" ಎಂದು ಗಣಪತಿಯ ಮಂಟಪದ ಕಂಬಕ್ಕೆ ಗುದ್ದಿದ. ಯಲ್ಲಾಲಿಂಗ ಬೆರಳು ಮಡಚಿ ಲೆಕ್ಕ ಹಾಕಿ ಕೂತ.

"ಒಂದ ಲಕ್ಷ ಇಪ್ಪತ್ತು, ಒಂದನೇ ಸಲ!"

ಯಲ್ಲಾಲಿಂಗ ಮತ್ತೆ ಬೆರಳು ಮಡಚಿದ.

"ಎರಡನೇ ಸಲ!"

ಧರ್ಮಣ್ಣನ ಎದೆ ಉಬ್ಬಿತು. ಕಣ್ಣು ಹೊಳೆಯಿತು. ಕತ್ತಿನ ನರಗಳು ಎದ್ದು ನಿಂತವು. ಬಾಯಿ ತೆರೆಯಿತು. ಅದನ್ನೇ ಕಾಯುತ್ತಿದ್ದ ನೀಲಾಬಾಯಿ ಎರಡನೇ ಲಾಡನ್ನು ಗೋಲಿ ಹೊಡೆದಂತೆ ಅದರೊಳಗೆ ತುರುಕಿ, ಮೇಲೆ ಅಂಗೈ ಒತ್ತಿ ಹಿಡಿದಳು.

"ಮೂರನೇ ಸಲ!" ಎಂದ ಶೆಟ್ಟೆಪ್ಪ, ಅಕ್ಕನ ಅಂಗೈಯನ್ನೇ ನೋಡುತ್ತ. ಜಾಗಟೆ ಮೊಳಗಿತು.

ಗಾಡಿಯ ಮೇಲೆ ಪರಪ್ಪನ ತಂದೆಯ ಹೆಸರು ಬಂತು. ಯಲ್ಲಾಲಿಂಗ ಆ ರಾತ್ರಿ ಊಟ ಮಾಡಲಿಲ್ಲವೆಂದು ತಿಳಿದ ನೀಲಾಬಾಯಿ, ಕುರ್ಚಿಯ ಬೆನ್ನು ಖಾಲಿಯಿದೆಯಲ್ಲ ಎಂದು ಹೇಳಿ ಕಳಿಸಿದಳು. ಅವನು ಹೊಸ ಮೆತ್ತೆ ಹೊಲಿಸಿ, ಬೆನ್ನಿಗೆ ತನ್ನಜ್ಜನ ಹೆಸರು ಕಸೂತಿ ಹಾಕಿಸಿದ. ಇನ್ನು ಮುಂದೆ ಆ ಸಂಘದಿಂದ ಹೊರಡುವವರು ಪರಪ್ಪನ ಅಪ್ಪನ ಗಾಡಿಯಲ್ಲಿ, ಯಲ್ಲಾಲಿಂಗನ ಅಜ್ಜನಿಗೆ ಬೆನ್ನು ಆನಿಸಿ, ಸುಖವಾಗಿ ಕುಳಿತು ಹೋಗಬಹುದು. ಸದ್ಯಕ್ಕೆ ಹೊರಡುವವರು ಯಾರೂ ಇಲ್ಲ. ಕಾಶಪ್ಪಜ್ಜ ದಿನಾ ಮಧ್ಯಾಹ್ನ ಹೋಗಿ ಅದರಲ್ಲಿ ಒಂದು ನಿದ್ದೆ ಮಾಡಿ ಬರುತ್ತಾನೆ. ಅವನಿಗೆ ಬೇರೆ ಅವಸರವಿಲ್ಲ.

ಮುಂದಿನ ರವಿವಾರ ಯಾರ್ಡಿಗೆ ನೀಲಾಬಾಯಿಯೇ ಹೋದಳು. ಗಂಡನನ್ನೂ ಕರೆದೊಯ್ದಳು, ಆದರೆ ಬಾಯಿಗೆ ಎಲೆಅಡಕೆ ತುಂಬಿಸಿ. ಆ ವಾರ ಬಂದದ್ದು ನೀಲಿಯ ವ್ಯಾನ್. ಒಂದು ಬಾಗಿಲು ಗುದ್ದು ತಿಂದು ತಗ್ಗಾಗಿತ್ತು, ಎಂಜಿನ್ ಗಟ್ಟಿಯಿತ್ತು. ಮನೀಶ್ ಬೆಲೆ ಹೇಳಿದ. ನೀಲಾಬಾಯಿ ಕೈಯೆತ್ತಿದಳು. ಸುತ್ತಲಿನವರು ತಗ್ಗಾದ ಬಾಗಿಲು ನೋಡಿ ಸುಮ್ಮನಿದ್ದರು. ಧರ್ಮಣ್ಣ ಎಲೆಅಡಕೆಯ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡ. ನೀಲಾಬಾಯಿ ತಿರುಗಿಯೂ ನೋಡಲಿಲ್ಲ. ಸುತ್ತಿಗೆ ಬಿತ್ತು. ಮೊದಲ ಕೂಗಿಗೇ ಗಾಡಿ ಆಕೆಯದಾಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಧರ್ಮಣ್ಣ ತಗ್ಗಾದ ಬಾಗಿಲಿನ ಕಡೆಯೇ ಕೂತು ಅದನ್ನು ಸವರುತ್ತಿದ್ದ.

ಸೋಮವಾರ ಬೆಳಿಗ್ಗೆ ಮುನ್ನೂರು ರೊಟ್ಟಿಗಳು ಡಬ್ಬಿಗಳಲ್ಲಿ, ಡಬ್ಬಿಗಳು ಹಳೆಯ ಕೌದಿಯಲ್ಲಿ, ಕೌದಿ ವ್ಯಾನಿನ ಹಿಂದೆ ಬೆಚ್ಚಗೆ ಕೂತವು. ನೀಲಾಬಾಯಿ ಕೊನೆಯ ಡಬ್ಬಿ ತರಲು ಮೇಲೆ ಹೋದಳು. ಧರ್ಮಣ್ಣ ಬಟ್ಟೆ ಹಿಡಿದು ವ್ಯಾನಿನ ಗಾಜು ಒರೆಸುತ್ತಿದ್ದ. ಅತ್ತಿತ್ತ ನೋಡಿದ. ಅಂಗಳದಲ್ಲಿ ಯಾರೂ ಇರಲಿಲ್ಲ. ತಗ್ಗಾದ ಬಾಗಿಲಿನ ಹತ್ತಿರ ಬಗ್ಗಿ, ಅಳುವ ಕೂಸಿಗೆ ಸಮಾಧಾನ ಹೇಳುವವನಂತೆ, ಮೆಲ್ಲಗೆ ಅಂದ:

"ಇನ್ನೈದ ಸಾವಿರ."

ಸ್ವಲ್ಪ ತಡೆದು, ಗಾಡಿಗೆ ಇನ್ನೂ ಬೇಸರವಿದ್ದಂತೆ ಕಂಡಿತೋ ಏನೋ, "ಹೋಗ್ಲಿ, ಹತ್ತು" ಎಂದ.

"ಕೂಗೂದ ಮುಗೀತೇನ್ರಿ?" ನೀಲಾಬಾಯಿ ಹಿಂದೆಯೇ ನಿಂತಿದ್ದಳು, ಕಂಕುಳಲ್ಲಿ ಡಬ್ಬಿ. ಬಾಗಿಲು ತೆಗೆದು ಸ್ಟೇರಿಂಗಿನ ಹಿಂದೆ ಕೂತು, ಸೆರಗು ಸಿಕ್ಕಿಸಿಕೊಂಡಳು. "ಹತ್ರಿ ಲಗೂನ. ಆ ಹತ್ತ ಸಾವಿರ ನೀವ ಕೊಡಬೇಕು ಮತ್ತ. ಬರೂ ವರ್ಷದತನಾ ಟೈಮ್ ಐತಿ."